ಕತ್ತಲೆ ಹುಡುಕುವ ಮೊದಲು ನೆಂಟರೂರು ನೆನಪಿಸಿಕೊಳ್ಳಿ

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು, ಬ್ಯಾಂಕ್ ಉದ್ಯೋಗಿ. ಕ್ಷೀರಪಥದ ಫೋಟೊ ತೆಗೆಯುವ ಆಸೆಯಿಂದ ಕ್ಯಾಮೆರಾ, ಟ್ರೈಪಾಡ್ ಕೊಂಡೆ. ಚಾಮುಂಡಿ ಬೆಟ್ಟದ ವ್ಯೂಪಾಯಿಂಟಿನಲ್ಲಿ ಪ್ರಯತ್ನಿಸಿದರೆ ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ಬಂತು. ಬೆಳಕಿನ ಮಾಲಿನ್ಯದ ಮ್ಯಾಪಿನಲ್ಲಿ ಬಂಡೀಪುರದ ಕಡೆ ಪೂರ್ತಿ ಕಪ್ಪಾಗಿದೆ. ಅಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸಿ ತೆಗೆಯಬಹುದೇ? ಜೊತೆಗೆ ಬರುವವರು ನನ್ನ ತಮ್ಮ ಮತ್ತು ಒಬ್ಬ ಗೆಳತಿ. ನಡುರಾತ್ರಿ ಹೊರಗೆ ಹೋಗುತ್ತೇವೆಂದರೆ ಅಮ್ಮನಿಗೆ ಭಯ. ಒಂದೂವರೆ ಗಂಟೆಯ ದಾರಿಯೊಳಗೆ ಸುರಕ್ಷಿತವಾದ ಕತ್ತಲ ಜಾಗ ಇದ್ದರೆ ತಿಳಿಸಿ.

ಉತ್ತರ: ಬಂಡೀಪುರದ ಮಾತನ್ನು ಮೊದಲು ಮುಗಿಸಿಬಿಡೋಣ. ಅಲ್ಲಿ ರಸ್ತೆ ಪಕ್ಕ ನಿಲ್ಲಿಸುವಂತಿಲ್ಲ. ಬಂಡೀಪುರದೊಳಗೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವೇ ಇಲ್ಲ. ನಾಗರಹೊಳೆಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಹಗಲಿನಲ್ಲೂ ಕಾಡಿನ ರಸ್ತೆಯಲ್ಲಿ ಕಾರಿನಿಂದ ಇಳಿಯುವುದು ತಪ್ಪು. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮುತ್ತತ್ತಿ, ಭೀಮೇಶ್ವರಿಯ ಕಡೆ ಇರುವ ಕಾವೇರಿ ವನ್ಯಜೀವಿ ಧಾಮಕ್ಕೂ ಇದೇ ಮಾತು.

ಮೈಸೂರು, ಮಂಡ್ಯದ ಸುತ್ತ ಮ್ಯಾಪಿನಲ್ಲಿ ಅತಿ ಕಪ್ಪಾಗಿ ಕಾಣುವ ಜಾಗಗಳೆಲ್ಲ ಕಾಡು. ಕಾಡು ಕಪ್ಪಾಗಿರುವುದು ಅಲ್ಲಿ ಜನರಿಲ್ಲ ಎಂಬ ಕಾರಣಕ್ಕೆ, ಜನರಿಲ್ಲದಿರುವುದು ಅದು ಪ್ರಾಣಿಗಳದ್ದು ಎಂಬ ಕಾರಣಕ್ಕೆ. ಆ ಕಪ್ಪು ನಮಗೆ ಬೇಡ. ನಮಗೆ ಬೇಕಾದದ್ದು ಊರಿನ ಬೆಳಕಿಗೂ ಕಾಡಿಗೂ ನಡುವೆ ಇರುವ ಹೊಲ, ತೋಟಗಳ ಪಟ್ಟಿ. ಜಾನ್ ಬಾರ್ಟಲ್ 2001ರಲ್ಲಿ ರೂಪಿಸಿದ ಅಳತೆಗೋಲಿನಲ್ಲಿ ಆಕಾಶದ ಕತ್ತಲಿಗೆ 9 ದರ್ಜೆಗಳಿವೆ; ಒಂದು ಅತಿ ಕತ್ತಲು, ಒಂಬತ್ತು ದೊಡ್ಡ ನಗರದ ನಡುಮಧ್ಯ. ನಾಲ್ಕನೇ ದರ್ಜೆಯ ಆಕಾಶದಲ್ಲಿ ದಿಗಂತದ ಅಲ್ಲಲ್ಲಿ ಊರುಗಳ ಬೆಳಕಿನ ಗುಮ್ಮಟ ಕಾಣುತ್ತದೆ, ಆದರೂ ಮೇಲೆ ಹಾಯುವ ಕ್ಷೀರಪಥ ಬರಿಗಣ್ಣಿಗೇ ಕಾಣುತ್ತದೆ. ನಿಮ್ಮ ಫೋಟೊಗೆ ಅಷ್ಟು ಧಾರಾಳ ಸಾಕು.

ಹಾಗಾದರೆ ಜಾಗ ಯಾವುದು? ನನ್ನನ್ನು ಕೇಳುವವರಿಗೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ನೆಂಟರೂರು ಯಾವುದು? ಮೈಸೂರು, ಮಂಡ್ಯದಲ್ಲಿ ಹಳ್ಳಿಯ ನಂಟೇ ಇಲ್ಲದ ಮನೆ ಅಪರೂಪ. ಸೋದರಮಾವನ ತೋಟದ ಮನೆ, ಸಹೋದ್ಯೋಗಿಯ ತವರು, ಕೆಲಸದಾಕೆಯ ಅಣ್ಣನ ಜಮೀನು, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಬ್ಯಾಂಕಿನಲ್ಲಿರುವ ನಿಮಗಂತೂ ಬೆಳೆಸಾಲ ಪಡೆದ ರೈತರೇ ಪರಿಚಯವಿರಬೇಕು. ಊರಿನಿಂದ ಅರ್ಧ ಕಿಲೊಮೀಟರ್ ಆಚೆಗಿರುವ ತೋಟದ ಮನೆಯ ತಾರಸಿಗಿಂತ ಒಳ್ಳೆಯ ಜಾಗವನ್ನು ನಾನು ಹೇಳಲಾರೆ. ಅಲ್ಲಿ ಹಾವಿನ ಭಯ ಕಡಿಮೆ, ಚಿರತೆಯ ಭಯ ಕಡಿಮೆ, ಕುಡಿದು ಬರುವವರ ಕಾಟವಿಲ್ಲ. ಮರಗಳ ಮೇಲಿಂದ ದಿಗಂತ ಕಾಣುತ್ತದೆ, ಬ್ಯಾಟರಿ ಚಾರ್ಜಿಗೆ ಕರೆಂಟ್ ಇದೆ, ಕೆಳಗೆ ಗುರುತಿನ ಮನೆಯವರಿದ್ದಾರೆ. ಎದುರಿಗೆ ನಾಲ್ಕು ತೆಂಗಿನ ಮರಗಳಿದ್ದರೆ ಫೋಟೊಗೆ ಮುನ್ನೆಲೆಯೂ ಸಿಕ್ಕಿತು. ಅಂಗಳದ ಬಲ್ಬನ್ನು ಒಂದೆರಡು ಗಂಟೆ ಆರಿಸುತ್ತೀರಾ ಎಂದು ಕೇಳಿಕೊಂಡರೆ ಯಾರೂ ಇಲ್ಲ ಅನ್ನುವುದಿಲ್ಲ.

ಅಂಥ ಪರಿಚಯ ಒಂದಕ್ಕಿಂತ ಹೆಚ್ಚಿದ್ದರೆ ಯಾವುದನ್ನು ಆರಿಸಬೇಕು ಅನ್ನುವಲ್ಲಿ ದಿಕ್ಕಿನ ಲೆಕ್ಕ ಬರುತ್ತದೆ. ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಕ್ಷೀರಪಥದ ಹೊಳೆಯುವ ನಡುಭಾಗ ಇರುವುದು ಧನು, ವೃಶ್ಚಿಕ ರಾಶಿಗಳ ಕಡೆ. ಮೈಸೂರಿನಿಂದ ನೋಡಿದರೆ ಅದು ಆಗ್ನೇಯದಲ್ಲಿ ಹುಟ್ಟಿ, ದಕ್ಷಿಣದಲ್ಲಿ ಸುಮಾರು 48 ಡಿಗ್ರಿ ಎತ್ತರಕ್ಕೆ ಏರಿ, ನೈಋತ್ಯದಲ್ಲಿ ಮುಳುಗುತ್ತದೆ. ಯುರೋಪಿನವರಿಗೆ ದಿಗಂತದಲ್ಲಿ ತೆವಳುವ ವೃಶ್ಚಿಕ ನಮಗೆ ಅರ್ಧ ಆಕಾಶದಷ್ಟು ಮೇಲೆ ಬರುತ್ತದೆ. 12 ಡಿಗ್ರಿ ಅಕ್ಷಾಂಶದಲ್ಲಿ ಹುಟ್ಟಿದ ನಮ್ಮ ಭಾಗ್ಯ ಅದು. ಆದ್ದರಿಂದ ನಿಮಗೆ ಕತ್ತಲು ಬೇಕಾದದ್ದು ದಕ್ಷಿಣದ ಅರ್ಧದಲ್ಲಿ. ಮೈಸೂರಿನ ಬೆಳಕು ಬೆನ್ನ ಹಿಂದೆ ಇರಬೇಕು. ಅಂದರೆ ನೀವು ಊರಿನ ದಕ್ಷಿಣಕ್ಕೆ ಹೋಗಬೇಕು.

ಮೇಲುಕೋಟೆಯನ್ನೇ ನೋಡಿ. ಎತ್ತರದ ಜಾಗ, ಹಳೆಯ ಕಲ್ಲುಕಟ್ಟಡಗಳ ಚೆಲುವು, ಉಳಿಯಲು ಛತ್ರ, ವಸತಿಗೃಹ ಎಲ್ಲ ಇವೆ. ಆದರೆ ಮೈಸೂರು ಅದರ ನೇರ ದಕ್ಷಿಣಕ್ಕಿದೆ. ವೃಶ್ಚಿಕ ಮೇಲೇರುವ ಹೊತ್ತಿಗೆ ಅದರ ಕಾಲಬುಡದಲ್ಲೇ ನಗರದ ಬೆಳಕಿನ ಗುಮ್ಮಟ. ಹಾಗಂತ ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆಯ ಕಡೆ ನಿಷ್ಪ್ರಯೋಜಕ ಅನ್ನಬೇಡಿ. ಉತ್ತರಕ್ಕೆ ಮುಖಮಾಡಿ ನಕ್ಷತ್ರಗಳು ವೃತ್ತದಲ್ಲಿ ಸುತ್ತುವ ಚಿತ್ರ ತೆಗೆಯಲು ಅವೇ ಸರಿ. ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ 12 ಡಿಗ್ರಿಯಷ್ಟೇ ಮೇಲೆ. ಎದುರಿಗೊಂದು ಗುಡ್ಡವಿದ್ದರೂ ಮರೆಯಾಗಿಬಿಡುತ್ತದೆ. ಹಾಗಾಗಿ ನಾಗಮಂಗಲದ ಬೋಳು ಬೆದ್ದಲು ಹೊಲಗಳು ಅನುಕೂಲ. ಡಿಸೆಂಬರ್, ಜನವರಿಯಲ್ಲಿ ಆಕಾಶದಲ್ಲಿ ಎತ್ತರಕ್ಕೇರುವ ಕೃತ್ತಿಕಾ, ಮಹಾವ್ಯಾಧ, ಲುಬ್ಧಕರಿಗೂ ಆ ಕಡೆ ತೊಂದರೆಯಿಲ್ಲ.

ನಿಮಗೆ ನಾನು ಸೂಚಿಸುವುದು ನಂಜನಗೂಡು ದಾಟಿ ಗುಂಡ್ಲುಪೇಟೆ ರಸ್ತೆಯಲ್ಲಿ ಬೇಗೂರಿನ ಕಡೆ, ಇಲ್ಲವೇ ಹುಲ್ಲಹಳ್ಳಿ, ಎಚ್.ಡಿ. ಕೋಟೆಯ ಕಡೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಬೆಳಕು ಜೋರು, ಅದನ್ನು ದಾಟಿಯೇ ನಿಲ್ಲಬೇಕು. ಅಲ್ಲಿಂದ ದಕ್ಷಿಣಕ್ಕೆ ನೋಡಿದರೆ ಮುಂದಿರುವುದು ಬಂಡೀಪುರ. ಕಾಡಿನ ಕತ್ತಲು ನಿಮ್ಮ ಫೋಟೊದೊಳಗೆ ಬರುತ್ತದೆ, ನೀವು ಕಾಡಿನೊಳಗೆ ಹೋಗಬೇಕಾಗಿಲ್ಲ. ಆದರೆ ಕಾಡಂಚಿನ ತನಕ ಹೋಗಬೇಡಿ. ಹೆಡಿಯಾಲ, ಸರಗೂರಿನ ಆಚೆಯ ಹಳ್ಳಿಗಳಲ್ಲಿ ರಾತ್ರಿ ಆನೆ ಬೆಳೆಗೆ ನುಗ್ಗುವುದು, ಹುಲಿ ಕಾಣಿಸುವುದು ದಿನನಿತ್ಯದ ಸಂಕಟ. ಅಲ್ಲಿನ ರೈತರೇ ಕತ್ತಲಾದ ಮೇಲೆ ಹೊರಗೆ ಬರಲು ಹಿಂಜರಿಯುವಾಗ ನಾವು ಟ್ರೈಪಾಡ್ ಹಿಡಿದು ನಿಲ್ಲುವುದು ಸಲ್ಲದು. ನಂಟು, ಗುರುತು ಯಾವುದೂ ಇಲ್ಲದಿದ್ದರೆ ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯ ಹೋಮ್‌ಸ್ಟೇ ಹಿಡಿಯಿರಿ. ಕೋಣೆ ಕಾಯ್ದಿರಿಸುವ ಮುನ್ನ ಎರಡೇ ಪ್ರಶ್ನೆ ಕೇಳಿ: ಕಾಂಪೌಂಡಿನ ಲೈಟುಗಳನ್ನು ರಾತ್ರಿ ಆರಿಸುತ್ತೀರಾ? ಕಾಂಪೌಂಡಿನೊಳಗಿಂದಲೇ ದಕ್ಷಿಣದ ಆಕಾಶ ತೆರೆದು ಕಾಣುತ್ತದೆಯೇ? ಎರಡಕ್ಕೂ ಹೌದು ಅಂದರೆ ಹೊರಡಿ. ಇಲ್ಲವಾದರೆ ಆ ಹೋಮ್‌ಸ್ಟೇ ಎಷ್ಟೇ ಸೊಗಸಾಗಿದ್ದರೂ ನಮ್ಮ ಕೆಲಸಕ್ಕಲ್ಲ.

ಮಂಡ್ಯದ ಓದುಗರಿಗೂ ಒಂದು ಮಾತು. ನಿಮಗೆ ಮಳವಳ್ಳಿ, ಹಲಗೂರಿನ ಕಡೆ ಅನುಕೂಲ. ಅಲ್ಲಿಂದ ಆಗ್ನೇಯಕ್ಕೆ ಕಾವೇರಿ ಕಣಿವೆಯ ಕಾಡು, ಅದರಾಚೆ ಮಲೆ ಮಹದೇಶ್ವರನ ಬೆಟ್ಟಸಾಲು. ಬೆಂಗಳೂರಿನ ಬೆಳಕು ಈಶಾನ್ಯಕ್ಕೆ ಉಳಿಯುತ್ತದೆ. ಇಲ್ಲಿಯೂ ಅಷ್ಟೇ, ಹಲಗೂರಿನಿಂದ ಮುತ್ತತ್ತಿಯ ಕಡೆ ಇಳಿಯುವುದು ಬೇಡ.

ಮ್ಯಾಪಿನ ಬಗ್ಗೆ ಒಂದು ಎಚ್ಚರಿಕೆ. ಎಲ್ಲರೂ ನೋಡುವ ಜಾಗತಿಕ ಆಕಾಶಬೆಳಕಿನ ನಕ್ಷೆ 2016ರಲ್ಲಿ ಪ್ರಕಟವಾದದ್ದು, ಅದರ ಆಧಾರ 2014ರ ಉಪಗ್ರಹ ಮಾಹಿತಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ, ಹಾಗಾಗಿ ಅದರ ಬೆಳಕು ಆ ನಕ್ಷೆಯಲ್ಲಿಲ್ಲ. ಹೊಸ ಉಪಗ್ರಹ ಚಿತ್ರಗಳನ್ನೂ ಪೂರ್ತಿ ನಂಬುವಂತಿಲ್ಲ. ಆ ಉಪಗ್ರಹ ನಮ್ಮ ಮೇಲೆ ಹಾಯುವುದು ರಾತ್ರಿ ಸುಮಾರು ಒಂದೂವರೆಗೆ. ಸಂಜೆ ಹೊತ್ತಿದ್ದು ಹನ್ನೊಂದಕ್ಕೆ ಆರಿದ ದೀಪಗಳ ಲೆಕ್ಕ ಅದಕ್ಕೆ ಸಿಗುವುದಿಲ್ಲ. ಜೊತೆಗೆ ಅದರ ಉಪಕರಣಕ್ಕೆ ನೀಲಿ ಬೆಳಕು ಸರಿಯಾಗಿ ಕಾಣುವುದಿಲ್ಲ. ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ಊರು ಮ್ಯಾಪಿನಲ್ಲಿ ಮೊದಲಿಗಿಂತ ಕತ್ತಲಾದಂತೆ ತೋರಬಹುದು. ಆದರೆ ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನು ಬೆಳಗಿಸುವುದು ಆ ನೀಲಿಯೇ. ಹಳ್ಳಿ ಹಳ್ಳಿಗೂ ಹೈಮಾಸ್ಟ್ ದೀಪ ಬಂದಿರುವ ಈ ಕಾಲದಲ್ಲಿ ಮ್ಯಾಪ್ ದಿಕ್ಕು ತೋರಿಸಲಿ, ತೀರ್ಮಾನ ಮಾತ್ರ ನಿಮ್ಮ ಕಣ್ಣಿನದೇ ಇರಲಿ.

ಆದ್ದರಿಂದ ತಾರಸಿ ಸಿಗದೆ ಬಯಲೇ ಗತಿಯಾದರೆ ಮೊದಲ ಭೇಟಿ ಹಗಲಿನಲ್ಲಿ. ನೆಲ ನೋಡಿ. ಒಡೆದ ಬಾಟಲಿ, ಪ್ಲಾಸ್ಟಿಕ್ ಲೋಟ, ಇಸ್ಪೀಟಿನ ಎಲೆ ಬಿದ್ದಿದ್ದರೆ ಅಲ್ಲಿ ಸಂಜೆ ಯಾರು ಸೇರುತ್ತಾರೆಂದು ತಿಳಿಯಿತು, ವಾಪಸ್ ಹೊರಡಿ. ಕೆರೆ ಏರಿಗಳು ದಿಗಂತಕ್ಕೆ ಚೆನ್ನ, ನೀರಿನಲ್ಲಿ ನಕ್ಷತ್ರದ ಬಿಂಬವೂ ಸಿಗುತ್ತದೆ, ಆದರೆ ಈ ಪರೀಕ್ಷೆಯಲ್ಲಿ ಹೆಚ್ಚಿನವು ಸೋಲುತ್ತವೆ. ಕಲ್ಲುಕ್ವಾರಿಯ ಹತ್ತಿರ ಬೇಡವೇ ಬೇಡ. ಕೆಲಸ ನಿಂತ ಕ್ವಾರಿಯ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಅಂಚಿಗೆ ತಡೆ ಇರುವುದಿಲ್ಲ.

ಮಂಡ್ಯ ಸೀಮೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ನಾಲೆಗೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅದು ನಡೆದದ್ದು ಹಾಡಹಗಲಿನಲ್ಲಿ. ಏರಿಯ ರಸ್ತೆ ಕಿರಿದು, ತಡೆಗೋಡೆ ಎಲ್ಲ ಕಡೆ ಇಲ್ಲ. ಕತ್ತಲಲ್ಲಿ ಕಾರು ತಿರುಗಿಸಲು ಹಿಂದೆ ತೆಗೆಯುವಾಗ ಅಂಚು ಗೊತ್ತಾಗುವುದಿಲ್ಲ. ಗೂಗಲ್ ಮ್ಯಾಪ್ ಹತ್ತಿರದ ದಾರಿ ಅಂತ ನಾಲೆ ಏರಿಯನ್ನು ತೋರಿಸಿದರೂ ರಾತ್ರಿ ಊರೊಳಗಿನ ರಸ್ತೆಯಲ್ಲೇ ಹೋಗಿ.

ಕಬ್ಬಿನ ಗದ್ದೆಯಿಂದಲೂ ದೂರ ಇರಿ. ಚಿರತೆ ಬೆಟ್ಟದಲ್ಲಿ ಮಾತ್ರ ಇರುತ್ತದೆ ಎನ್ನುವುದು ಹಳೆಯ ನಂಬಿಕೆ. ಈಗ ಅದು ಕಬ್ಬಿನ ಮರೆಯಲ್ಲೇ ಮರಿ ಹಾಕುತ್ತದೆ. 2022ರ ಕೊನೆಯಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದದ್ದು ನಿಮಗೆ ನೆನಪಿರಬಹುದು. ನಾಲ್ಕೂ ಕಡೆ ಬಯಲು ಕಾಣುವ, ಕೊಯ್ಲು ಮುಗಿದ ರಾಗಿ ಹೊಲವೇ ಮೇಲು. ಮೂವರೂ ಒಟ್ಟಿಗಿರಿ, ನೆಲದ ಮೇಲೆ ಮಲಗಿ ಆಕಾಶ ನೋಡಬೇಡಿ, ಕುರ್ಚಿ ಒಯ್ಯಿರಿ. ಫೋಟೊದ ದೃಷ್ಟಿಯಿಂದಲೂ ನೀರಾವರಿ ಗದ್ದೆ ಕಷ್ಟವೇ: ಚಳಿಗಾಲದಲ್ಲಿ ನಡುರಾತ್ರಿ ಕಳೆದ ಮೇಲೆ ಭತ್ತದ ಬಯಲಿನಿಂದ ಮಂಜು ಎದ್ದು ಲೆನ್ಸ್ ಒದ್ದೆಯಾಗುತ್ತದೆ. ಆಲೆಮನೆ ಹತ್ತಿರವಿದ್ದರೆ ಹೊಗೆ ಬೇರೆ.

ಜಮೀನಿನ ಮಾಲೀಕರನ್ನು ಕೇಳದೆ ಬೇಲಿ ದಾಟಲೇಬಾರದು. ಇದು ಬರೀ ಮರ್ಯಾದೆಯ ಮಾತಲ್ಲ. ಕಾಡುಹಂದಿ ತಡೆಯಲು ಕೆಲವರು ಕಾನೂನು ಮೀರಿ ತಂತಿಗೆ ನೇರ ಕರೆಂಟ್ ಕೊಟ್ಟಿರುತ್ತಾರೆ, ಮುಟ್ಟಿದರೆ ಜೀವ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ಊರುಗಳಲ್ಲಿ ರೈತರು ನಡುರಾತ್ರಿ ನೀರು ಹಾಯಿಸಲು ಎದ್ದು ಬರುತ್ತಾರೆ. ಕತ್ತಲಲ್ಲಿ ಗುರುತಿಲ್ಲದ ಮೂವರು ಕಂಡರೆ ಪಂಪ್‌ಸೆಟ್ಟಿನ ಕೇಬಲ್ ಕದಿಯಲು ಬಂದವರು ಅಂದುಕೊಳ್ಳುವುದು ಸಹಜ. ಪಾಳು ಗುಡಿಯ ಹತ್ತಿರ, ಅದೂ ಅಮಾವಾಸ್ಯೆಯ ರಾತ್ರಿ ನಿಂತಿದ್ದರೆ ನಿಧಿ ಅಗೆಯಲು ಬಂದವರೆಂಬ ಅನುಮಾನ ಖಂಡಿತ. ಹಿಂದಿನ ದಿನವೇ ಹೋಗಿ, ಕ್ಯಾಮೆರಾದಲ್ಲಿ ಒಂದೆರಡು ಚಿತ್ರ ತೋರಿಸಿ, ‘ಅಣ್ಣ, ನಾಳೆ ರಾತ್ರಿ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಇಲ್ಲಿರುತ್ತೇವೆ’ ಅನ್ನಿ. ಸುದ್ದಿ ಊರೆಲ್ಲ ಹರಡುತ್ತದೆ, ಅದೇ ನಿಮ್ಮ ಕಾವಲು. ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿಡಿ. ಲೊಕೇಶನ್ ಅಮ್ಮನ ಫೋನಿಗೆ ಕಳಿಸಿ, ಅಲ್ಲಿ ಸಿಗ್ನಲ್ ಇದೆಯೇ ಎಂದು ಹಗಲಲ್ಲೇ ನೋಡಿಕೊಳ್ಳಿ.

ಈಗ ಅಮ್ಮನ ಭಯಕ್ಕೆ ಬರುತ್ತೇನೆ. ಕ್ಷೀರಪಥಕ್ಕಾಗಿ ನಡುರಾತ್ರಿ ಹೊರಡಲೇಬೇಕು ಎಂದು ನೀವು ತಿಳಿದಿದ್ದೀರಿ. ಬೇಕಾಗಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗಿ, ಏಳೂಕಾಲಕ್ಕೆ ಪೂರ್ತಿ ಕತ್ತಲಾಗುತ್ತದೆ. ಆಗ ಧನು ರಾಶಿ ನೈಋತ್ಯದಲ್ಲಿ ಇನ್ನೂ ಮೇಲೆಯೇ ಇರುತ್ತದೆ. ಒಂಬತ್ತರವರೆಗೂ ನಿಮಗೆ ಸಮಯವಿದೆ. ಊಟಕ್ಕೆ ಮನೆಗೆ ಬರಬಹುದು. ಮಳೆಯಲ್ಲಿ ತೊಳೆದ ಗಾಳಿ, ಧೂಳಿಲ್ಲ. ಮೋಡವೇ ಇಲ್ಲಿ ಶತ್ರು. ಹಿಂಗಾರಿನ ಮೋಡ ಯಾವ ಸಂಜೆ ಬಿಡುತ್ತದೆಂದು ಕಾಯುತ್ತಿರಬೇಕು. ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ ಶುರುವಾಗುವುದರಿಂದ ಆ ತಿಂಗಳ ಒಳ್ಳೆಯ ಕತ್ತಲಿನ ಸಂಜೆಗಳು ದಸರಾ ದೀಪಾಲಂಕಾರದ ಜೊತೆಗೇ ಬರುತ್ತವೆ. ಆಗ ನಗರದಿಂದ ಇನ್ನಷ್ಟು ದೂರ ಹೋಗಬೇಕು, ಇಲ್ಲವೇ ಮಹಾಲಯದ ಮುಂಚಿನ ವಾರ ಹೋಗಿಬರಬೇಕು.

ಇನ್ನೊಂದು ಋತು ಫೆಬ್ರವರಿಯಿಂದ ಏಪ್ರಿಲ್. ಆಕಾಶ ಶುಭ್ರ, ಆದರೆ ಕ್ಷೀರಪಥದ ನಡುಭಾಗ ಹುಟ್ಟುವುದು ತಡ: ಫೆಬ್ರವರಿ ಮಧ್ಯದಲ್ಲಿ ಬೆಳಗಿನ ಜಾವ ಮೂರಕ್ಕೆ, ಮಾರ್ಚ್ ಮಧ್ಯದಲ್ಲಿ ಒಂದರ ಸುಮಾರಿಗೆ, ಏಪ್ರಿಲ್‌ನಲ್ಲಿ ಹನ್ನೊಂದಕ್ಕೆ. ಇದನ್ನು ನೆಂಟರ ಮನೆಯಲ್ಲಿ ರಾತ್ರಿ ಉಳಿದು ಮಾಡಿ. ಏಪ್ರಿಲ್ ರಾತ್ರಿಗಳಲ್ಲಿ ದಕ್ಷಿಣ ದಿಗಂತ ತೆರೆದಿದ್ದರೆ ತ್ರಿಶಂಕು ನಕ್ಷತ್ರಪುಂಜವೂ ಸಿಗುತ್ತದೆ.

ಚಂದ್ರನಿಗೆ ಆ್ಯಪ್ ಬೇಡ, ಗೋಡೆಯ ಪಂಚಾಂಗ ಸಾಕು. ಸಂಕಷ್ಟಿಯ ದಿನ ಚಂದ್ರೋದಯ ಒಂಬತ್ತರ ಆಸುಪಾಸು ಎಂದು ಉಪವಾಸ ಇರುವವರಿಗೆಲ್ಲ ಗೊತ್ತು. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗುತ್ತ ಹೋಗುತ್ತದೆ. ಹಾಗಾಗಿ ಸಂಜೆಯ ಫೋಟೊಗೆ ಸಂಕಷ್ಟಿಯಿಂದ ಅಮಾವಾಸ್ಯೆ ದಾಟಿ ಒಂದೆರಡು ದಿನದವರೆಗೆ ಕತ್ತಲು. ಬೆಳಗಿನ ಜಾವದ ಫೋಟೊಗೆ ಅಮಾವಾಸ್ಯೆಯಿಂದ ಶುಕ್ಲ ಪಕ್ಷದ ಅಷ್ಟಮಿಯವರೆಗೆ. ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗಿಬಿಡುತ್ತಾನೆ. ಅಮಾವಾಸ್ಯೆಯ ದಿನವೇ ಹೋಗಬೇಕೆಂದಿಲ್ಲ ಎಂದು ಅಮ್ಮನಿಗೆ ಹೇಳಿದರೆ ಅರ್ಧ ಆತಂಕ ಇಳಿಯುತ್ತದೆ.

ಟಾರ್ಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯವರದಕ್ಕಿಂತ ಬೇರೆ. ಕತ್ತಲಿಗೆ ಹೊಂದಿದ ಕಣ್ಣು ಕೆಡಬಾರದೆಂದು ಕೆಂಪು ಬೆಳಕು ಮಾತ್ರ ಬಳಸಿ ಅನ್ನುತ್ತಾರೆ. ನಮ್ಮ ಹೊಲಗಳಲ್ಲಿ ಕೊಳಕುಮಂಡಲ ಇದೆ, ನಾಗರಹಾವು ಇದೆ, ಕಟ್ಟುಹಾವು ಓಡಾಡುವುದೇ ರಾತ್ರಿ. ನಡೆಯುವಾಗ ಜೋರಾದ ಬಿಳಿ ಟಾರ್ಚ್, ಕಾಲಿಗೆ ಗಮ್‌ಬೂಟು. ಟ್ರೈಪಾಡಿನ ಮುಂದೆ ನಿಂತ ಮೇಲಷ್ಟೇ ಕೆಂಪು. ಕಣ್ಣು ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮತ್ತೆ ಹೊಂದಿಕೊಳ್ಳುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧ ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ ನೇರ ತಾಲ್ಲೂಕು ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ತಡವಾಗುವಂತಿದ್ದರೆ ನಿಮ್ಮ ಕಾರಲ್ಲೇ ಹೊರಡಿ. ಕಾರನ್ನು ಊರಿನ ಕಡೆ ಮುಖ ಮಾಡಿ ನಿಲ್ಲಿಸಿರಬೇಕು ಅನ್ನುವುದು ಇದಕ್ಕೇ.

ಕ್ಯಾಮೆರಾದ ಬಗ್ಗೆ ನೀವು ಕೇಳಿಲ್ಲ, ಆದರೂ ಮೊದಲ ರಾತ್ರಿ ವ್ಯರ್ಥವಾಗದಿರಲಿ ಎಂದು ಇಷ್ಟು. ಕ್ಯಾಮೆರಾ ಜೊತೆ ಬರುವ 18-55 ಲೆನ್ಸೇ ಇದ್ದರೆ 18ಕ್ಕೆ ಇಟ್ಟು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, 15 ಸೆಕೆಂಡ್ ಎಕ್ಸ್‌ಪೋಷರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ರಿಂದ ಶುರುಮಾಡಿ, ಸಾಲದಿದ್ದರೆ 6400. ಎಕ್ಸ್‌ಪೋಷರ್ ಇನ್ನೂ ಉದ್ದ ಮಾಡಿದರೆ ಭೂಮಿ ತಿರುಗುವುದರಿಂದ ನಕ್ಷತ್ರ ಗೆರೆಯಾಗುತ್ತದೆ. ಆಟೊಫೋಕಸ್ ಆರಿಸಿ, ಹೊಳೆಯುವ ನಕ್ಷತ್ರವೊಂದನ್ನು ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಅದು ಚುಕ್ಕಿಯಾಗುವ ತನಕ ಕೈಯಿಂದ ತಿರುಗಿಸಿ. ಅಕ್ಟೋಬರ್ ಸಂಜೆಗೆ ಆಕಾಶದಲ್ಲಿ ಎತ್ತರದಲ್ಲಿರುವ ಅಭಿಜಿತ್ ಅಥವಾ ಶ್ರವಣ, ಮಾರ್ಚ್ ಜಾವಕ್ಕೆ ವೃಶ್ಚಿಕದ ಕೆಂಪು ಜ್ಯೇಷ್ಠಾ ಸಾಕು. ರಾ (ಕ್ಯಾಮೆರಾ ತಿದ್ದದೆ ಉಳಿಸುವ) ಫೈಲಿನಲ್ಲಿ ತೆಗೆಯಿರಿ. ತಾರಸಿಯ ಮೇಲೆ ಯಾರಾದರೂ ಓಡಾಡಿದರೂ ಚಿತ್ರ ಅಲುಗುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಆ 15 ಸೆಕೆಂಡ್ ತಮ್ಮನಿಗೂ ಗೆಳತಿಗೂ ನಿಂತಲ್ಲೇ ನಿಲ್ಲಲು ಹೇಳಿ.